ಗೋತ್ರ ಬೇರೆ, ಅಜ್ಜಿ ಒಬ್ಬಳೇ

ಜೆ.ಪಿ. ನಗರ, ಬನಶಂಕರಿ ಕಡೆಯ ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪುಗಳಲ್ಲಿ ಒಂದು ಫಾರ್ವರ್ಡ್ ಸಾಯೋದೇ ಇಲ್ಲ. ಗೋತ್ರ ಅಂದ್ರೆ ವೈ ಕ್ರೋಮೋಸೋಮ್ ಅಂತೆ, ಅಪ್ಪನಿಂದ ಮಗನಿಗೆ ಇಳಿದು ಬರುತ್ತಂತೆ, ಹಾಗಾಗಿ ನಮ್ಮ ಹಿರಿಯರಿಗೆ ಜೆನೆಟಿಕ್ಸ್ ಆಗಲೇ ಗೊತ್ತಿತ್ತಂತೆ. ಕಳಿಸೋರು ಯಾರು? ನನ್ನ ಹಾಗೇ ಬಿಇ ಮಾಡಿದವರು, ದಿನವಿಡೀ ಬೇರೆಯವರ ಕೋಡ್‌ನಲ್ಲಿ ತಪ್ಪು ಹುಡುಕುವವರು. ಪಿಯುಸಿಯಲ್ಲಿ ಬಯಾಲಜಿ ಬಿಟ್ಟಿದ್ದಕ್ಕೆ ಇಷ್ಟು ದೊಡ್ಡ ದಂಡ ಕಟ್ಟಬೇಕಾ?

ಸರಿ, ಲೆಕ್ಕಾನೇ ಹಾಕೋಣ. ನಮ್ಮ ಜೀವಕೋಶದಲ್ಲಿ 23 ಜೊತೆ ಕ್ರೋಮೋಸೋಮ್. ವೈ ಅದರಲ್ಲಿ ಒಂದೇ ಒಂದು, ಅದೂ ಗಂಡಸರಲ್ಲಿ ಮಾತ್ರ, ಅದರಲ್ಲಿ ಜೀನುಗಳೂ ಕಮ್ಮಿ. ಥಲಸ್ಸೇಮಿಯಾ, ಸಿಕಲ್ ಸೆಲ್ ಥರದ ಕಾಯಿಲೆಗಳ ಜೀನು ಇರೋದು ಉಳಿದ 22 ಜೊತೆಯಲ್ಲಿ. ಕೆಟ್ಟ ಕಾಪಿ ಒಂದೇ ಇದ್ದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಅಪ್ಪನಿಂದ ಒಂದು, ಅಮ್ಮನಿಂದ ಒಂದು, ಎರಡೂ ಕೆಟ್ಟದ್ದೇ ಬಂದರೆ ಮಗುವಿಗೆ ಕಾಯಿಲೆ. ಅಪ್ಪ ಅಮ್ಮ ಇಬ್ಬರೂ ಒಂದೊಂದು ಕೆಟ್ಟ ಕಾಪಿ ಹೊತ್ತಿದ್ದರೆ ಪ್ರತಿ ಬಸಿರಿಗೂ 25% ಅಪಾಯ. ಗೋತ್ರ ಈ ಕಡೆ ತಿರುಗಿಯೂ ನೋಡಲ್ಲ.

ನೋಡದಿದ್ದರೆ ಹೋಗಲಿ, ಉಲ್ಟಾ ಕೆಲಸ ಮಾಡುತ್ತೆ. ಅಕ್ಕನ ಮಗಳನ್ನು ಸೋದರಮಾವನಿಗೆ ಕೊಡೋದು ನಮ್ಮ ಕಡೆ ಎಷ್ಟು ಮಾಮೂಲಿ ಅಂತ ನಿಮಗೂ ಗೊತ್ತು. ಅಕ್ಕ ಮದುವೆಯಾಗಿ ಗಂಡನ ಗೋತ್ರಕ್ಕೆ ಹೋದಳು, ಮಗಳಿಗೆ ಅಪ್ಪನ ಗೋತ್ರ ಬಂತು, ಪುರೋಹಿತರ ತಕರಾರಿಲ್ಲ. ಆದ್ರೆ ಮಾವ, ಸೊಸೆ ಇಬ್ಬರಲ್ಲೂ ಸರಾಸರಿ ಕಾಲು ಭಾಗ ಒಂದೇ ಜೀನು. ಅವರ ಮಗುವಿನಲ್ಲಿ ಸರಾಸರಿ 8ಕ್ಕೆ 1 ಜಾಗದಲ್ಲಿ ಎರಡೂ ಕಾಪಿ ಒಂದೇ ಮೂಲದ್ದು. ಅತ್ತೆ ಮಗ, ಮಾವನ ಮಗಳಾದರೆ 16ಕ್ಕೆ 1. ಮಾವ, ಸೊಸೆ ಇಬ್ಬರ ಮೈಟೋಕಾಂಡ್ರಿಯಾನೂ ಅದೇ ಅಜ್ಜಿಯಿಂದ ಬಂದದ್ದು! ಇನ್ನು ಯಾವುದೋ ಕಾಲದ ಒಬ್ಬ ಋಷಿಯ ಹೆಸರು ಹೇಳಿಕೊಳ್ಳೋ ಶಿವಮೊಗ್ಗದ ಹುಡುಗ, ಧಾರವಾಡದ ಹುಡುಗಿ? ಅವರು ಮಾತ್ರ ಅಣ್ಣ ತಂಗಿ. ಮುಂಬಾಗಿಲಿಗೆ ಬೀಗ ಜಡಿದು ಹಿತ್ತಲು ತೆರೆದಿಟ್ಟ ಹಾಗೆ.

1955ರ ಹಿಂದೂ ವಿವಾಹ ಕಾಯ್ದೆ ಕೂಡ ಈ ಸಂಬಂಧಗಳನ್ನು ನಿಷೇಧಿಸಿ, ರೂಢಿ ಇದ್ದರೆ ಆಗಬಹುದು ಅಂತ ಕಿಂಡಿ ಬಿಟ್ಟಿದೆ.

ನಮ್ಮೂರಲ್ಲಿ ಗೋತ್ರದ ಬದಲು ಬೆಡಗು ಕೇಳ್ತಿದ್ರು. ಯಾರೂ ಅದನ್ನ ವಿಜ್ಞಾನ ಅಂತ ಕರೀಲಿಲ್ಲ. ಹೊಲ ಹೊರಗೆ ಹೋಗಬಾರದು, ಖರ್ಚು ಕಮ್ಮಿ, ಹುಡುಗಿ ಅಜ್ಜಿ ಮನೆಗೇ ಹೋದ್ರೆ ಅವಳಿಗೂ ಧೈರ್ಯ ಅಂತ ನೇರವಾಗಿ ಹೇಳ್ತಿದ್ರು. ಆ ಪ್ರಾಮಾಣಿಕತೆ ನಂಗಿಷ್ಟ. ಸುಳ್ಳು ಪಾಲಿಶ್ ಹಚ್ಚಿದ್ದು ಓದಿದ ನಾವು.

ಇಂಥ ಮದುವೆಗಳ ಮಕ್ಕಳಲ್ಲಿ ಹೆಚ್ಚಿನವರು ಆರೋಗ್ಯವಾಗೇ ಇರ್ತಾರೆ, ಅವರನ್ನ ಹೀಯಾಳಿಸೋಕೆ ಇದನ್ನ ಬರೀತಿಲ್ಲ. ಅಪಾಯ ಹೆಚ್ಚು, ಅಷ್ಟೇ. ಆದ್ರೆ ಮಗು ಕಾಯಿಲೆ ಹೊತ್ತು ಹುಟ್ಟಿದಾಗ ಬೈಗುಳ ತಿನ್ನೋದು ತಾಯಿ ಒಬ್ಬಳೇ. ಅವಳ ಕಾಲ್ಗುಣ, ಅವಳ ಜಾತಕ. ಎರಡು ಕಾಪಿಯಲ್ಲಿ ಒಂದು ಅಪ್ಪನದು ಅಂತ ಯಾರೂ ಬಾಯಿ ಬಿಡಲ್ಲ.

ಒಳಸಂಬಂಧವೇ ಬೇಕು ಅನ್ನೋರು ಮದುವೆಗೆ ಮುಂಚೆ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗಲಿ. ಹೊರಗಿನ ಸಂಬಂಧವಾದ್ರೂ, ಬೀಟಾ ಥಲಸ್ಸೇಮಿಯಾ ಒಳಗೇ ಹೊತ್ತಿದ್ದೀವಾ ಅಂತ ಸಾಮಾನ್ಯವಾಗಿ ಒಂದು ರಕ್ತಪರೀಕ್ಷೆ ಹೇಳುತ್ತೆ. ಜಯನಗರದಲ್ಲಿ ಲ್ಯಾಬುಗಳಿಗೇನು ಬರವಾ? ಆದ್ರೆ ಜಾತಕದ ಪಿಡಿಎಫ್ ಸಂತೋಷವಾಗಿ ಕಳಿಸೋ ಗಂಡಿನ ಮನೆಯವರನ್ನ ಈ ರಿಪೋರ್ಟ್ ಕೇಳಿ ನೋಡಿ. "ನಮ್ಮ ಹುಡುಗನಿಗೆ ಏನಾಗಿದೆ ಅಂತ ಕೇಳ್ತಿದ್ದೀರ?" ಅಂತ ಅಲ್ಲೇ ಎದ್ದು ನಿಲ್ತಾರೆ.