ಪಟ್ಟಿಯಲ್ಲಿಲ್ಲದ ರಜೆ

ಪ್ರೌಢಶಾಲೆಯ ಹಾಜರಿ ಪುಸ್ತಕದಲ್ಲಿ ಡಿಸೆಂಬರ್ ತಿಂಗಳ ಪುಟ ತೆರೆದು ನೋಡಿ. ಜುಲೈ, ಆಗಸ್ಟ್ ಪುಟಗಳಲ್ಲಿ ಅಲ್ಲೊಂದು ಇಲ್ಲೊಂದು ಕಾಣುವ ‘ಗೈ’ ಇಲ್ಲಿ ಸಾಲುಸಾಲಾಗಿ ನಿಂತಿರುತ್ತದೆ. ಕಲಬುರಗಿ ಜಿಲ್ಲೆಯ ಹಳ್ಳಿ ಶಾಲೆಗಳ ಶಿಕ್ಷಕರಿಗೆ ಇದರಲ್ಲಿ ಹೊಸತೇನೂ ಇಲ್ಲ. “ಈಗ ರಾಶಿ ಟೈಮ್ ಅದ, ಎಳ್ಳಾಮಾಸಿ ಆದಮ್ಯಾಲ ಬರ್ತಾರ ಬಿಡ್ರಿ” ಎಂದು ಹೇಳಿ ಮುಂದಿನ ಕೆಲಸ ನೋಡುತ್ತಾರೆ. ಹೊಸತು ಅನ್ನಿಸುವುದು ಪ್ರಶಿಕ್ಷಣಾರ್ಥಿಗಳಾದ ನಮಗೆ. ಯಾಕೆಂದರೆ ಕಾಲೇಜಿನಲ್ಲಿ ನಾವು ಬರೆದು ಕಲಿತ ಪಾಠ ಯೋಜನೆಗಳಲ್ಲಿ ಮಕ್ಕಳು ಯಾವಾಗಲೂ ತರಗತಿಯಲ್ಲೇ ಇರುತ್ತಾರೆ.

ನಮ್ಮ ಭಾಗದ ಹಳ್ಳಿ ಪ್ರೌಢಶಾಲೆಗಳಿಗೆ ಡಿಸೆಂಬರ್‌ನಲ್ಲಿ ಒಂದು ರಜೆ ಇದೆ. ಇಲಾಖೆಯ ರಜಾ ಪಟ್ಟಿಯಲ್ಲಿ ಅದು ಇಲ್ಲ, ಆದರೂ ಪ್ರತಿ ವರ್ಷ ತಪ್ಪದೆ ಬರುತ್ತದೆ. ಬರುವುದು ಎಲ್ಲರಿಗೂ ಗೊತ್ತಿದ್ದರೂ ಪಾಠ ಯೋಜನೆಯಲ್ಲಿ ಅದಕ್ಕೊಂದು ಜಾಗವಿಲ್ಲ. ಆ ಜಾಗವನ್ನು ಮೊದಲು ಕೊಡಬೇಕಾದವರು ನಾವೇ, ಅಂದರೆ ಶಿಕ್ಷಕರನ್ನು ತಯಾರು ಮಾಡುವ ಕಾಲೇಜುಗಳು ಎಂಬುದು ಈ ಲೇಖನದ ವಾದ.

ಎರಡು ಡಿಸೆಂಬರ್‌ಗಳನ್ನು ನಾನು ಎರಡು ಶಾಲೆಗಳಲ್ಲಿ ಕಳೆದಿದ್ದೇನೆ. 2024ರಲ್ಲಿ ಕಲಬುರಗಿ ನಗರದ ಒಂದು ಅನುದಾನಿತ ಶಾಲೆ, 2025ರಲ್ಲಿ ಕಮಲಾಪುರದ ಕಡೆಯ ಒಂದು ಸರ್ಕಾರಿ ಪ್ರೌಢಶಾಲೆ. ನಗರದ ಶಾಲೆಯಲ್ಲಿ ಕ್ರಿಸ್‌ಮಸ್ ರಜೆ ಇತ್ತು. ಇಂಥ ರಜೆ ಕೊಡುವ ಸಂಸ್ಥೆಗಳು ಆ ದಿನಗಳನ್ನು ದಸರಾ ರಜೆಯಲ್ಲಿ ಕಡಿತ ಮಾಡಿಕೊಂಡು ಸರಿದೂಗಿಸಬೇಕೆಂಬುದು ಇಲಾಖೆಯ ನಿಯಮ. ಹಾಗಾಗಿ ಜೂನ್ ತಿಂಗಳಲ್ಲೇ ಅಲ್ಲಿ ಎಲ್ಲರಿಗೂ ದಿನಾಂಕ ಗೊತ್ತು. ರೂಪಣಾತ್ಮಕ ಮೌಲ್ಯಮಾಪನ ಯಾವಾಗ ಮುಗಿಯಬೇಕು, ಗ್ಯಾದರಿಂಗ್‌ನ ತಾಲೀಮಿಗೆ ಯಾವ ಅವಧಿ ಬಿಡಬೇಕು, ರಜೆಗೆ ಎಷ್ಟು ಮನೆಗೆಲಸ, ಎಲ್ಲವೂ ಕಾಗದದ ಮೇಲೆ. ವರಾಂಡದಲ್ಲಿ ಬಣ್ಣದ ಕಾಗದದ ನಕ್ಷತ್ರಗಳು, ಮೂಲೆಯಲ್ಲಿ ಮಕ್ಕಳೇ ಕಟ್ಟಿದ ಗೋದಲಿ, ಸಂಜೆಯವರೆಗೆ ಹಾಡಿನ ಅಭ್ಯಾಸ. ಎಲ್ಲ ಮನೆಗಳ ಮಕ್ಕಳೂ ಅದರಲ್ಲಿದ್ದರು. ರಜೆಯ ಹಿಂದಿನ ದಿನ ಕಾರ್ಯಕ್ರಮ ಇದ್ದುದರಿಂದ ಅವತ್ತು ಬೆಂಚುಗಳೇ ಸಾಲಲಿಲ್ಲ.

ಕಮಲಾಪುರದ ಕಡೆಯ ಶಾಲೆಗೆ ಕ್ರಿಸ್‌ಮಸ್ ಎಂದರೆ ಡಿಸೆಂಬರ್ 25ರ ಒಂದು ದಿನ ಮಾತ್ರ. ಲೆಕ್ಕದಲ್ಲಿ ನೋಡಿದರೆ ಅಲ್ಲಿಯೇ ಹೆಚ್ಚು ಪಾಠದ ದಿನಗಳು ಸಿಗಬೇಕಿತ್ತು. ಆದರೆ ತಿಂಗಳ ಎರಡನೇ ವಾರದಿಂದಲೇ ನನ್ನ 9ನೇ ತರಗತಿ ಅರ್ಧಕ್ಕೆ ಇಳಿಯಿತು. ಇಂದು ಬಂದ ಅರ್ಧ ನಾಳೆ ಬರುವ ಅರ್ಧವಲ್ಲ ಎಂಬುದು ಇನ್ನೂ ದೊಡ್ಡ ತೊಡಕು. ರಜೆ ಕೊಟ್ಟ ಶಾಲೆಯಲ್ಲಿ ಪಾಠ ನಿಂತು ಮತ್ತೆ ಒಟ್ಟಿಗೆ ಶುರುವಾಗುತ್ತದೆ. ರಜೆ ಕೊಡದ ಶಾಲೆಯಲ್ಲಿ ಪಾಠ ನಿಲ್ಲುವುದೂ ಇಲ್ಲ, ಎಲ್ಲರಿಗೂ ಸಿಗುವುದೂ ಇಲ್ಲ.

ಹೊರಗಿನಿಂದ ಬಂದ ಓದುಗರಿಗಾಗಿ ಒಂದಿಷ್ಟು ವಿವರ. ಕಮಲಾಪುರ ಎಂದರೆ ಕೆಂಪು ಬಾಳೆ, ಭೌಗೋಳಿಕ ಸೂಚಕ ಪಡೆದ ಹಣ್ಣು. ಆದರೆ ಸುತ್ತಲಿನ ಹೆಚ್ಚಿನ ಮನೆಗಳ ವರ್ಷದ ಲೆಕ್ಕ ನಿಂತಿರುವುದು ತೊಗರಿಯ ಮೇಲೆ. ಜೂನ್, ಜುಲೈನಲ್ಲಿ ಬಿತ್ತಿದ್ದು ಡಿಸೆಂಬರ್, ಜನವರಿಯಲ್ಲಿ ಕಟಾವಿಗೆ ಬರುತ್ತದೆ. ಅದರ ನಡುವೆ ಎಳ್ಳಮಾವಾಸ್ಯೆ. ಮನೆಮಂದಿಯೆಲ್ಲ ಭಜ್ಜಿ, ಕಡುಬು, ಸಜ್ಜೆ ರೊಟ್ಟಿ, ಅಂಬಲಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುವ ದಿನ. ಅವತ್ತು ಕಲಬುರಗಿ ನಗರದ ರಸ್ತೆಗಳೇ ಬಿಕೋ ಅನ್ನುತ್ತವೆ, ಇನ್ನು ಹಳ್ಳಿ ಶಾಲೆಯ ಮಾತೇನು? 2024ರಲ್ಲಿ ಅದು ಡಿಸೆಂಬರ್ 30ಕ್ಕೆ ಬಂದು, ನಗರದ ಶಾಲೆಯ ಕ್ರಿಸ್‌ಮಸ್ ರಜೆಯೊಳಗೇ ಸದ್ದಿಲ್ಲದೆ ಕಳೆದುಹೋಯಿತು. 2025ರಲ್ಲಿ ಡಿಸೆಂಬರ್ 19ಕ್ಕೆ, ಪಾಠದ ನಟ್ಟನಡುವೆ. ಇದೇ ತಿಂಗಳಲ್ಲಿ ಶೈಕ್ಷಣಿಕ ಪ್ರವಾಸವೂ ಬರುತ್ತದೆ. ದುಡ್ಡು ಕಟ್ಟಿದವರು ಹಂಪಿ, ಬಾದಾಮಿ ನೋಡಲು ಹೋಗುತ್ತಾರೆ. ಕಟ್ಟಲಾಗದವರು ಪ್ರವಾಸಕ್ಕೂ ಹೋಗುವುದಿಲ್ಲ, ಆ ದಿನಗಳಲ್ಲಿ ಶಾಲೆಗೂ ಬರುವುದಿಲ್ಲ. ಅವರು ಯಾಕೆ ಬರಲಿಲ್ಲ ಎಂದು ಯಾರೂ ಕೇಳಿದ್ದನ್ನು ನಾನು ನೋಡಲಿಲ್ಲ.

ಹೀಗೆ ಒಂದೇ ‘ಗೈ’ ಒಳಗೆ ಸ್ವಂತ ಹೊಲದ ರಾಶಿಗೆ ಹೋದ ಹುಡುಗ, ಹಬ್ಬಕ್ಕೆ ಅಜ್ಜಿಯ ಊರಿಗೆ ಹೋದವಳು, ಪ್ರವಾಸದ ದುಡ್ಡಿಲ್ಲದೆ ಮನೆಯಲ್ಲಿ ಕೂತವನು, ತಾಯಿಯ ಜೊತೆ ಬೇರೆಯವರ ಹೊಲಕ್ಕೆ ಕೂಲಿಗೆ ಹೋದವಳು, ಎಲ್ಲರೂ ಸೇರಿಹೋಗುತ್ತಾರೆ. ಅಕ್ಷರ ಒಂದೇ, ಆದರೆ ಶಿಕ್ಷಕರು ಮಾಡಬೇಕಾದ ಕೆಲಸ ಒಂದೇ ಅಲ್ಲ.

ಈಗ ನಮ್ಮ ಪಾಠ ಯೋಜನೆಯ ಪುಸ್ತಕಕ್ಕೆ ಬರೋಣ. ಅದರಲ್ಲಿ ‘ಪೂರ್ವಜ್ಞಾನ’ ಎಂಬ ಒಂದು ಅಂಕಣವಿದೆ. ಅಲ್ಲಿ ನಾವೆಲ್ಲ ಒಂದೇ ವಾಕ್ಯ ಬರೆಯುತ್ತೇವೆ: ವಿದ್ಯಾರ್ಥಿಗಳು ಹಿಂದಿನ ತರಗತಿಯಲ್ಲಿ ಇಂಥಿಂಥ ಪರಿಕಲ್ಪನೆಗಳನ್ನು ತಿಳಿದಿರುತ್ತಾರೆ. ‘ಬಲ ಮತ್ತು ಚಲನೆಯ ನಿಯಮಗಳು’ ಮುಗಿಸಿ ‘ಗುರುತ್ವ’ ಶುರು ಮಾಡುವ ದಿನ ನಾನೂ ಅದನ್ನೇ ಬರೆದಿದ್ದೆ, ಏಕೆಂದರೆ ನಮೂನೆ ಕೇಳುವುದು ಅದನ್ನೇ. ಪೂರ್ವಜ್ಞಾನ ಪರೀಕ್ಷೆಯ ಪ್ರಶ್ನೆಯನ್ನು ಹತ್ತು ಹನ್ನೆರಡು ದಿನಗಳ ಮೇಲೆ ಅವತ್ತೇ ಬಂದಿದ್ದ ಒಬ್ಬ ಹುಡುಗಿಗೆ ಕೇಳಿದೆ. ಅವಳು ಎದ್ದು ನಿಂತು, “ಅದು ನಾ ಇಲ್ದಾಗ ಆಗ್ಯದ್ರಿ ಮೇಡಂ” ಅಂದಳು. ಅದರಲ್ಲಿ ಹೆದರಿಕೆ ಇರಲಿಲ್ಲ, ದೂರೂ ಇರಲಿಲ್ಲ. ಬಸ್ ತಪ್ಪಿತು ಅನ್ನುವಷ್ಟೇ ಸಹಜವಾಗಿ ಹೇಳಿದಳು. ತಪ್ಪಿದ್ದು ತಪ್ಪಿತು, ಶಾಲೆ ಅದನ್ನು ಮತ್ತೆ ಕೊಡುವುದಿಲ್ಲ ಎಂಬುದು ಅವಳಿಗೆ ಇಷ್ಟು ವರ್ಷಗಳಲ್ಲಿ ರೂಢಿಯಾಗಿದೆ. ನನ್ನನ್ನು ಈ ಲೇಖನ ಬರೆಯಲು ಹಚ್ಚಿದ್ದು ಅವಳ ಆ ಸಹಜತೆ.

ಅಂದು ಪಾಠದ ಮೊದಲ ಹದಿನೈದು ನಿಮಿಷ ನ್ಯೂಟನ್ನನ ಎರಡನೇ ನಿಯಮಕ್ಕೇ ಹೋಯಿತು. ವೀಕ್ಷಣೆಗೆ ಬಂದವರು ನನ್ನ ಪುಸ್ತಕದಲ್ಲಿ ಬರೆದ ಷರಾ: ‘ಪುನರಾವರ್ತನೆಗೆ ಹೆಚ್ಚು ಸಮಯ ವ್ಯಯವಾಗಿದೆ. ಕಾಲ ನಿರ್ವಹಣೆ ಸುಧಾರಿಸಬೇಕು.’ ಮೌಲ್ಯಮಾಪನದ ನಮೂನೆಯ ಪ್ರಕಾರ ಷರಾ ಸರಿಯೇ. ಆ ನಮೂನೆಯಲ್ಲಿ ಐದು ‘ಇ’ ಗಳಿಗೂ ಅಂಕಗಳಿವೆ, ಕಪ್ಪುಹಲಗೆಯ ಬಳಕೆಗೂ ಅಂಕವಿದೆ. ನಿನ್ನೆ ಬಾರದ ಮಗುವನ್ನು ಇಂದಿನ ಪಾಠದೊಳಗೆ ಕರೆದುಕೊಂಡದ್ದಕ್ಕೆ ಅಂಕವಿಲ್ಲ. ಅಂಕವಿಲ್ಲದ ಕೆಲಸವನ್ನು ಪ್ರಶಿಕ್ಷಣಾರ್ಥಿ ಬೇಗ ಬಿಡುತ್ತಾನೆ, ಇದು ನಮ್ಮ ಬ್ಯಾಚಿನಲ್ಲಿ ಎಲ್ಲರೂ ಕಂಡದ್ದೇ. ವೀಕ್ಷಣೆಯ ದಿನ ಬಂದ ಮಕ್ಕಳಲ್ಲಿ ಚುರುಕಾದ ನಾಲ್ಕು ಜನರನ್ನು ಮುಂದೆ ಕೂಡಿಸಿ ಪಾಠ ‘ಯಶಸ್ವಿ’ ಮಾಡುವ ಕಲೆ ಡಿಸೆಂಬರ್‌ನಲ್ಲಿ ಸುಲಭವಾಗಿ ಕೈಗೂಡುತ್ತದೆ.

ಇದು ಬರೀ ನಮ್ಮ ಅಂಕಗಳ ಪ್ರಶ್ನೆಯಾಗಿದ್ದರೆ ಬರೆಯುವ ಅಗತ್ಯ ಇರಲಿಲ್ಲ. 2025ರ ಎಸ್‌ಎಸ್‌ಎಲ್‌ಸಿ ಮೊದಲ ಪರೀಕ್ಷೆಯ ಫಲಿತಾಂಶದಲ್ಲಿ ದಕ್ಷಿಣ ಕನ್ನಡ ಶೇ. 91.12 ಪಡೆದು ಮೊದಲ ಸ್ಥಾನದಲ್ಲಿದ್ದರೆ, ಕಲಬುರಗಿ ಶೇ. 42.43 ಪಡೆದು ಕೊನೆಯ ಸ್ಥಾನದಲ್ಲಿತ್ತು. ಇದಕ್ಕೆ ಕಾರಣಗಳು ಅನೇಕ, ಡಿಸೆಂಬರ್ ಒಂದೇ ಅಲ್ಲ ಎಂಬುದು ನನಗೂ ಗೊತ್ತು. ಆದರೆ ಪರಿಹಾರ ಎಲ್ಲಿ ಹೋಗುತ್ತಿದೆ ನೋಡಿ. ಬೆಳಗಿನ ವಿಶೇಷ ತರಗತಿ, ಸಂಜೆಯ ಗುಂಪು ಅಧ್ಯಯನ, ಮಾದರಿ ಪ್ರಶ್ನೆಪತ್ರಿಕೆ, ಎಲ್ಲವೂ 10ನೇ ತರಗತಿಗೆ, ಅದೂ ಕೊನೆಯ ಮೂರು ನಾಲ್ಕು ತಿಂಗಳಲ್ಲಿ. 8 ಮತ್ತು 9ನೇ ತರಗತಿಗಳನ್ನು ‘ಇವರು ನೋಡಿಕೊಳ್ತಾರ’ ಎಂದು ನಮ್ಮ ಕೈಗೆ ಕೊಡಲಾಗುತ್ತದೆ. ಹಾಗಾದರೆ ಎರಡು ಡಿಸೆಂಬರ್‌ಗಳಲ್ಲಿ ಬಿದ್ದ ಕಂದಕ ಪ್ರಶಿಕ್ಷಣಾರ್ಥಿಯ ಕಣ್ಣೆದುರೇ ಬಿದ್ದಿರುತ್ತದೆ. 10ನೇ ತರಗತಿಯ ಶಿಕ್ಷಕರು ಅದನ್ನು ಮುಚ್ಚಲು ಹೊರಡುವಾಗ ಪರೀಕ್ಷೆ ಬಾಗಿಲಿಗೆ ಬಂದಿರುತ್ತದೆ.

ನಮ್ಮ ರಾಜ್ಯಕ್ಕೆ ಇದು ತಿಳಿಯದ ವಿಷಯವೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ರಿಷಿ ವ್ಯಾಲಿಯ ಪ್ರಯೋಗ ನೋಡಿಬಂದು ಕಟ್ಟಿದ ನಲಿ-ಕಲಿಯ ಒಳಗುಟ್ಟೇ ಇದು. ಕಲಿಕಾ ಏಣಿಯಲ್ಲಿ ಮಗು ಎಲ್ಲಿ ನಿಂತಿತ್ತೋ, ವಾರ ಬಿಟ್ಟು ಬಂದರೂ ಅದೇ ಮೆಟ್ಟಿಲಿಂದ ಮುಂದುವರಿಯುತ್ತದೆ, ಅದು ಇಲ್ಲದಾಗ ಪಾಠ ‘ಆಗಿಹೋಗುವುದಿಲ್ಲ’. ಕೆಳಗಿನ ತರಗತಿಗಳಲ್ಲಿ ಹೀಗೆ ಕಲಿತ ಮಗುವಿಗೆ ಪ್ರೌಢಶಾಲೆಗೆ ಬರುವಷ್ಟರಲ್ಲಿ ಏಣಿಯೇ ಇಲ್ಲ. ನಲಿ-ಕಲಿಯನ್ನು ಹಾಗೆಯೇ ಎತ್ತಿ 9ನೇ ತರಗತಿಗೆ ತರಬೇಕೆಂದು ನಾನು ಹೇಳುತ್ತಿಲ್ಲ, ನಲವತ್ತು ನಿಮಿಷದ ಅವಧಿಯಲ್ಲಿ ಅದು ಆಗದು. ಆದರೆ ಅದರ ಹಿಂದಿನ ವಿಚಾರವನ್ನು ಬಿ.ಇಡಿ. ತರಗತಿಯಲ್ಲಿ ಬರೀ ಟಿಪ್ಪಣಿಯಾಗಿ ಓದಿ ಮುಂದೆ ಹೋಗುವುದು ಸರಿಯಲ್ಲ.

ಕಮಲಾಪುರದಲ್ಲಿ ನನ್ನ ಮಾರ್ಗದರ್ಶಕ ಶಿಕ್ಷಕರು ಪಂಚಾಂಗ ನೋಡಿ ಪಾಠ ಹಂಚುತ್ತಿದ್ದರು. ತಮಾಷೆಯಲ್ಲ, ನಿಜವಾಗಿಯೂ ಅವರ ಮೇಜಿನ ಗಾಜಿನ ಕೆಳಗೆ ಕ್ಯಾಲೆಂಡರಿನ ಡಿಸೆಂಬರ್ ಹಾಳೆ ಇತ್ತು. ಚಲನೆ, ಬಲ, ಗುರುತ್ವ, ಕೆಲಸ ಮತ್ತು ಶಕ್ತಿ ಒಂದರ ಮೇಲೊಂದು ನಿಂತ ಪಾಠಗಳು, ಒಂದು ಇಟ್ಟಿಗೆ ತಪ್ಪಿದರೆ ಮೇಲಿನದು ನಿಲ್ಲುವುದಿಲ್ಲ. ಆಹಾರ ಸಂಪನ್ಮೂಲಗಳ ಸುಧಾರಣೆಯ ಅಧ್ಯಾಯ ಹಾಗಲ್ಲ, ಒಂದೊಂದು ಅವಧಿಯೂ ತನ್ನಷ್ಟಕ್ಕೆ ನಿಲ್ಲುತ್ತದೆ. ಅದು ಪುಸ್ತಕದ ಕೊನೆಯಲ್ಲಿದ್ದರೂ ಎಳ್ಳಮಾವಾಸ್ಯೆಯ ವಾರಕ್ಕೆ ಅದನ್ನೇ ತಂದುಕೊಳ್ಳಿ ಎಂದರು. ಈ ಜಾಣತನ ಅವರ ವಾರ್ಷಿಕ ಕ್ರಿಯಾಯೋಜನೆಯಲ್ಲಿ ಎಲ್ಲಿಯೂ ಬರೆದಿರಲಿಲ್ಲ. ಬರೆದರೆ ‘ಅನುಕ್ರಮ ತಪ್ಪಿದೆ’ ಎಂದು ಯಾರಾದರೂ ಕೇಳುತ್ತಾರಂತೆ.

ಆ ವಾರದ ಪಾಠ ನಾನು ಮಾಡಿದ್ದರಲ್ಲೇ ಚೆನ್ನಾಗಿ ಆಯಿತು. ದ್ವಿದಳ ಬೆಳೆಗಳ ಬೇರುಗಂಟು ತೋರಿಸಬೇಕಿತ್ತು. ಕಟಾವಿಗೆ ಬಂದ ತೊಗರಿಯಲ್ಲಿ ಗಂಟುಗಳು ಒಣಗಿ ಹೋಗಿರುತ್ತವೆ. ಹಿಂಗಾರಿಯ ಕಡಲೆ ಆಗ ಹಸಿರಾಗಿರುತ್ತದೆ, ಅದರಲ್ಲಿ ಸಿಗುತ್ತವೆ. ರಾಶಿಗೆ ಹೋಗಿ ಅವತ್ತಷ್ಟೇ ಮರಳಿದ್ದ ಒಬ್ಬ ಹುಡುಗನಿಗೆ ನಾಳೆ ನಾಲ್ಕು ಕಡಲೆ ಗಿಡ ತರಲು ಹೇಳಿದೆ. “ಕೈಲೆ ಕಿತ್ತರ ಬೇರು ಹರೀತದ್ರಿ, ಖುರ್ಪಿಲೆ ಅಗಿಬೇಕು” ಎಂದು ನನಗೇ ತಿಳಿಸಿ, ಮರುದಿನ ಮಣ್ಣಿನ ಹೆಂಟೆ ಸಮೇತ ತಂದ. ಗಂಟನ್ನು ಬ್ಲೇಡಿನಿಂದ ಕೊಯ್ದರೆ ಒಳಗೆ ಗುಲಾಬಿ ಬಣ್ಣ. ಆ ಬಣ್ಣ ಲೆಗ್‌ಹಿಮೋಗ್ಲೋಬಿನ್‌ನದು, ಗುಲಾಬಿ ಇದ್ದರೆ ರೈಜೋಬಿಯಂ ಕೆಲಸದಲ್ಲಿದೆ ಎಂದರ್ಥ. ನಸುಕಿನಲ್ಲಿ ಕಡಲೆ ಎಲೆಯ ಮೇಲೆ ನಿಲ್ಲುವ ಹುಳಿ ನೀರನ್ನು ಅವನಜ್ಜಿ ಬಟ್ಟೆ ಹಾಸಿ ಹಿಂಡುತ್ತಿದ್ದಳೆಂದೂ ಅವನೇ ಹೇಳಿದ. ಅದರಲ್ಲಿರುವುದು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ. ನೀಲಿ ಲಿಟ್ಮಸ್ ಹಾಳೆ ಇದ್ದರೆ 10ನೇ ತರಗತಿಯ ಆಮ್ಲಗಳ ಪಾಠಕ್ಕೆ ಬೇರೆ ಉಪಕರಣವೇ ಬೇಡ. ನಾಲ್ಕು ದಿನ ‘ಗೈ’ ಆಗಿದ್ದವನು ಅಂದು ತರಗತಿಗೆ ಏನೋ ತಂದವನಾಗಿದ್ದ.

ಇದನ್ನು ಓದಿ, ‘ಹಾಗಾದರೆ ಮಕ್ಕಳು ಹೊಲಕ್ಕೆ ಹೋಗುವುದೇ ಒಳ್ಳೆಯದು ಎನ್ನುತ್ತೀರಾ?’ ಎಂದು ಕೇಳುವವರಿದ್ದಾರೆ. ನಮ್ಮ ಚರ್ಚೆಯಲ್ಲಿ ಒಬ್ಬ ಉಪನ್ಯಾಸಕರು ಕೇಳಿಯೂ ಕೇಳಿದರು. ಪ್ರಶ್ನೆ ನ್ಯಾಯವಾದದ್ದು. ಹಬ್ಬಕ್ಕೆ ಎರಡು ದಿನ ಹೋಗುವುದು ಬೇರೆ, ಹದಿನಾಲ್ಕರ ಹುಡುಗಿ ಎರಡು ವಾರ ಕೂಲಿಗೆ ಹೋಗುವುದು ಬೇರೆ. ಎರಡನೆಯದಕ್ಕೆ ಕಡಲೆ ಗಿಡದ ಪಾಠ ಉತ್ತರವಲ್ಲ. ಅದಕ್ಕೆ ಮನೆ ಭೇಟಿ ಬೇಕು, ಮುಖ್ಯಗುರುಗಳು ತಾಯಿತಂದೆಯ ಜೊತೆ ಕೂತು ಮಾತಾಡಬೇಕು, ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕೆಂಬುದನ್ನು 9ನೇ ತರಗತಿಯಲ್ಲೇ ಹೇಳಬೇಕು. ಆದರೆ ಯಾವ ‘ಗೈ’ ಯಾವುದು ಎಂದು ತಿಳಿಯದ ಶಿಕ್ಷಕರು ಯಾರ ಮನೆಗೆ ಹೋಗಬೇಕು? ಬೇರ್ಪಡಿಸಿ ನೋಡುವುದೇ ಮೊದಲ ಹೆಜ್ಜೆ, ಅದನ್ನು ಕಲಿಯಲು ಇಂಟರ್ನ್‌ಶಿಪ್‌ಗಿಂತ ಒಳ್ಳೆಯ ಕಾಲ ಯಾವುದಿದೆ?

2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಶಾಲಾ ಕ್ಯಾಲೆಂಡರನ್ನು ಜಿಲ್ಲಾ ಪಂಚಾಯಿತಿಗಳ ಜೊತೆ ಸಮಾಲೋಚಿಸಿ ಸ್ಥಳೀಯವಾಗಿ ರೂಪಿಸುವ ಸಲಹೆಯನ್ನು ಚರ್ಚಿಸಿತ್ತು. ಅದು ದೊಡ್ಡವರ ಕೆಲಸ. ಪಾಠ ಯೋಜನೆಯ ಪುಸ್ತಕದಲ್ಲಿ ಯಾವ ಅಂಕಣ ಇರಬೇಕು ಎಂಬುದರಲ್ಲಿ ಮಾತ್ರ ನಮ್ಮ ಕಾಲೇಜಿನ ಮಾತು ನಡೆಯುತ್ತದೆ. ‘ಪೂರ್ವಜ್ಞಾನ’ದ ಪಕ್ಕದಲ್ಲಿ ‘ನಿನ್ನೆ ಬಾರದವರಿಗೆ’ ಎಂಬ ಒಂದು ಸಾಲು ಸೇರಿಸಿ, ವೀಕ್ಷಣೆಯಲ್ಲಿ ಅದಕ್ಕೆ ಅಂಕ ಕೊಡಿ. ಇಂಟರ್ನ್‌ಶಿಪ್ಪಿನ ಒಂದು ನಿಯೋಜಿತ ಕೆಲಸವಾಗಿ ಡಿಸೆಂಬರ್ ಹಾಜರಿಯನ್ನು ಕಾರಣಸಮೇತ ಓದಲು ಹಚ್ಚಿ. ವೀಕ್ಷಣೆಯ ಪಾಠಗಳಲ್ಲಿ ಒಂದಾದರೂ ಎಳ್ಳಮಾವಾಸ್ಯೆಯ ವಾರದಲ್ಲಿ ನಡೆಯಲಿ. ಆ ವಾರ ‘ಮಕ್ಕಳೇ ಇರುವುದಿಲ್ಲ’ ಎಂದು ವೀಕ್ಷಣೆ ಮುಂದೂಡುವ ಪದ್ಧತಿ ನಮ್ಮಲ್ಲಿದೆ. ನನ್ನ ಪ್ರಕಾರ ಅವತ್ತೇ ಬರಬೇಕು.

ಮುಂದಿನ ಬ್ಯಾಚಿನ ವೇಳಾಪಟ್ಟಿ ಮಾಡುವವರಿಗೆ ಒಂದು ಮಾಹಿತಿ. 2026ರಲ್ಲಿ ಅಧಿಕ ಮಾಸ ಇರುವುದರಿಂದ ಮುಂದಿನ ಎಳ್ಳಮಾವಾಸ್ಯೆ ಡಿಸೆಂಬರ್‌ನಲ್ಲಿ ಬರುವುದಿಲ್ಲ. ಅದು 2027ರ ಜನವರಿ 7ಕ್ಕೆ.