ಬೆಳ್ಳಿಯ ಗಿಡ

ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ವಿಜ್ಞಾನದ ಅಧ್ಯಾಪಕರು ತಾಮ್ರದ ತಂತಿಯನ್ನು ಇಳಿಬಿಟ್ಟುದನ್ನು ನೀವು ಕಂಡಿರಬಹುದು. ತಾಮ್ರವು ಕರಗುತ್ತ ಹೋದಂತೆ ಬೆಳ್ಳಿಯು ಹರಳುಗಟ್ಟುತ್ತದೆ. ತಂತಿಯ ಮೈತುಂಬ ಕೊಂಬೆ ರೆಂಬೆಗಳು ಮೂಡುತ್ತವೆ. ಬಣ್ಣವಿಲ್ಲದ ದ್ರಾವಣವು ಮೆಲ್ಲನೆ ನೀಲಿಗೆ ತಿರುಗುತ್ತದೆ. ಹೊರಚಾಚಿದ ತುದಿಗೆ ಹೊಸ ಬೆಳ್ಳಿಯು ಹೆಚ್ಚಾಗಿ ದೊರೆಯುವುದರಿಂದ ಹರಳು ಹೀಗೆ ಕವಲೊಡೆಯುತ್ತದೆ.

ಹಿಂದೊಮ್ಮೆ ಶಾಲೆಯ ಚಿತ್ರಸ್ಪರ್ಧೆಗೆ ನಾನು ತೀರ್ಪುಗಾರನಾಗಿದ್ದೆನು. ಗಿಡವೊಂದನ್ನು ಬರೆಯಬೇಕೆಂಬುದು ವಿಷಯ. ಹುಡುಗನೊಬ್ಬನು ಈ ಬೆಳ್ಳಿಯ ಗಿಡವನ್ನೇ ಬರೆದಿದ್ದನು. “ಇದು ಗಿಡವಲ್ಲ, ರಸಾಯನಶಾಸ್ತ್ರ” ಎಂದು ಅದನ್ನು ಬದಿಗಿರಿಸಿದೆನು. ಅವನು ಮರುಮಾತಾಡದೆ ಹಾಳೆಯನ್ನು ಮಡಿಸಿಕೊಂಡು ಹೋದನು.

ಹರಳು ತಾನಾಗಿ ಕಲೆಯಲ್ಲ. ಈ ಮಾತನ್ನು ಇಂದಿಗೂ ಒಪ್ಪುತ್ತೇನೆ. ಲೋಹಕ್ಕೆ ಸಂಕಲ್ಪವೆಲ್ಲಿಯದು? ಆದರೆ ಅದನ್ನು ಕಂಡು ಬೆರಗಾಗಿ, ಯಾವ ಕೊಂಬೆಯನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂದು ಆ ಹುಡುಗನು ಆಯ್ದುಕೊಂಡನಲ್ಲ, ಅಲ್ಲಿ ಕಲೆಯಿತ್ತು. ಸೌಂದರ್ಯಕ್ಕೆ ಪ್ರಯೋಗಶಾಲೆಯಲ್ಲಿ ಎಡೆಯಿಲ್ಲವೆಂದು ನಂಬಿದ್ದ ನನಗೆ ಅದು ಕಾಣಲಿಲ್ಲ.

ನಮ್ಮ ಮನೆಯಲ್ಲಿ ದಿನವೂ ನೀರು ತುಂಬುತ್ತಿದ್ದ ಕಬ್ಬಿಣದ ಬಕೆಟ್ಟಿನ ಮೇಲೆ ಸತುವಿನ ಹರಳುಗಳು ಹೂವಿನಂತೆ ಹರಡಿದ್ದುದನ್ನು ನಾನು ಗಮನಿಸಿದುದು ಎಷ್ಟೋ ವರ್ಷಗಳ ಮೇಲೆ.