ಹಗೆ ಮಣ್ಣಾದ ನೆಲದಲ್ಲಿ

ನಾಗಾಲ್ಯಾಂಡ್‌ನ ರಾಜಧಾನಿ ಕೊಹಿಮಾದ ಗ್ಯಾರಿಸನ್ ಗುಡ್ಡದ ಮೇಲೆ ಒಂದು ಟೆನಿಸ್ ಅಂಕಣದ ಗೆರೆಗಳನ್ನು ಇಂದಿಗೂ ಕಾಂಕ್ರೀಟಿನಲ್ಲಿ ಗುರುತಿಸಿ ಉಳಿಸಲಾಗಿದೆ. ಅದು ಬ್ರಿಟಿಷ್ ಡೆಪ್ಯೂಟಿ ಕಮಿಷನರರ ಬಂಗಲೆಗೆ ಸೇರಿದ್ದ ಅಂಕಣ. 1944ರ ಏಪ್ರಿಲ್‌ನಲ್ಲಿ ಅದರ ಒಂದು ಬದಿಯಲ್ಲಿ ಬ್ರಿಟಿಷ್ ಮತ್ತು ಭಾರತೀಯ ಸೈನಿಕರು, ಇನ್ನೊಂದು ಬದಿಯಲ್ಲಿ ಜಪಾನೀಯರು ಕಂದಕ ತೋಡಿಕೊಂಡು ಚೆಂಡಿನ ಬದಲು ಕೈಬಾಂಬುಗಳನ್ನು ಎಸೆದುಕೊಂಡರು. ಈಗ ಆ ಬಂಗಲೆಯಿಲ್ಲ. ಅಂಕಣದ ಸುತ್ತ ಮೆಟ್ಟಿಲು ಮೆಟ್ಟಿಲಾಗಿ ಹಬ್ಬಿರುವ ಯುದ್ಧ ಸ್ಮಶಾನದಲ್ಲಿ 1,420 ಸಮಾಧಿಗಳಿವೆ. ದಹನ ಸಂಸ್ಕಾರ ಪಡೆದ 917 ಹಿಂದೂ ಮತ್ತು ಸಿಖ್ ಯೋಧರ ಸ್ಮಾರಕವೂ ಅಲ್ಲಿದೆ. ದಶಕಗಳ ನಂತರ ಈ ಸಮಾಧಿಗಳ ಮುಂದೆ ಬಂದು ತಲೆಬಾಗಿದವರಲ್ಲಿ, ಅದೇ ಗುಡ್ಡವನ್ನು ಗೆಲ್ಲಲು ಬಂದಿದ್ದ ಜಪಾನಿ ಯೋಧರೂ ಇದ್ದರು.

ಈ ಬದಲಾವಣೆ ಆದದ್ದು ಹೇಗೆ? ಕಾಲವೇ ಎಲ್ಲ ಗಾಯಗಳನ್ನೂ ಮಾಯಿಸುತ್ತದೆ ಎಂಬುದು ನಾವು ಸುಲಭವಾಗಿ ಒಪ್ಪಿಕೊಳ್ಳುವ ಉತ್ತರ. ಆದರೆ ಕೊಹಿಮಾ ಮತ್ತು ಇಂಫಾಲದ ಅನುಭವ ಅಷ್ಟು ಸರಳವಾದುದಲ್ಲ. ಅದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಬೇಕಾದ ತುರ್ತು ಇಂದು ಬ್ರಿಟನ್‌ಗಾಗಲೀ ಜಪಾನಿಗಾಗಲೀ ಇಲ್ಲ. ಅದು ಇರುವುದು ನಮಗೆ.

1944ರ ಮಾರ್ಚ್‌ನಲ್ಲಿ ಜನರಲ್ ರೆನ್ಯಾ ಮುತಗುಚಿ ನೇತೃತ್ವದ ಜಪಾನಿನ 15ನೇ ಸೇನೆ ಬರ್ಮಾದಿಂದ ಗಡಿ ದಾಟಿ ಬಂದಿತು. ಸುಮಾರು 85,000 ಮಂದಿಯ ಆ ಪಡೆಯಲ್ಲಿ ಸತ್ತವರು ಮತ್ತು ಕಾಣೆಯಾದವರ ಸಂಖ್ಯೆ 50,000ಕ್ಕೂ ಹೆಚ್ಚೆಂಬುದು ಇತಿಹಾಸಕಾರರ ಅಂದಾಜು. ಅವರಲ್ಲಿ ಬಹುಪಾಲು ಜನರನ್ನು ಕೊಂದದ್ದು ಗುಂಡಲ್ಲ, ಹಸಿವು ಮತ್ತು ರೋಗ. ಅನ್ನವಾಗಲೀ ಮದ್ದುಗುಂಡಾಗಲೀ ಬಾರದಿದ್ದಾಗ, ಕೊಹಿಮಾದಲ್ಲಿದ್ದ 31ನೇ ಡಿವಿಷನ್‌ನ ದಂಡನಾಯಕ ಕೊತೊಕು ಸಾಟೊ ಮೇಲಿನ ಆಜ್ಞೆಯನ್ನು ಮೀರಿ ತನ್ನ ಸೈನಿಕರನ್ನು ಹಿಂದಕ್ಕೆ ಕರೆದೊಯ್ದರು. ಜೂನ್ 22ರಂದು ಕೊಹಿಮಾ-ಇಂಫಾಲ ರಸ್ತೆ ಮತ್ತೆ ತೆರೆಯಿತು.

ಸಾಟೊ ಅವರ ಡಿವಿಷನ್‌ನಲ್ಲಿ ಸರಬರಾಜು ಅಧಿಕಾರಿಯಾಗಿದ್ದವರು ಮಸಾವೊ ಹಿರಾಕುಬೊ. ಯುದ್ಧಾನಂತರ ಲಂಡನ್ನಿನಲ್ಲಿ ನೆಲೆಸಿದ ಅವರು, ತಮ್ಮ ಮೇಲೆ ಗುಂಡು ಹಾರಿಸಿದ್ದ ಮತ್ತು ತಮ್ಮವರ ಗುಂಡಿಗೆ ಗೆಳೆಯರನ್ನು ಕಳೆದುಕೊಂಡಿದ್ದ ಬ್ರಿಟಿಷ್ ಯೋಧರನ್ನು ಒಬ್ಬೊಬ್ಬರನ್ನಾಗಿ ಹುಡುಕಿ ಮಾತಿಗೆಳೆದರು. ಎರಡೂ ದೇಶಗಳ ಮಾಜಿ ಸೈನಿಕರನ್ನು ಒಂದುಗೂಡಿಸುವುದೇ ಅವರ ಬಾಳಿನ ಉಳಿದ ಕಾಯಕವಾಯಿತು. ಸರಕಾರಗಳು ಒಪ್ಪಂದಕ್ಕೆ ಸಹಿ ಹಾಕಬಲ್ಲವು. ಆದರೆ ಕೊಂದವನೊಬ್ಬ ಸತ್ತವನ ಗೆಳೆಯನ ಮುಂದೆ ನಿಲ್ಲುವ ಕೆಲಸವನ್ನು ಯಾವ ಸರಕಾರವೂ ಅವನ ಪರವಾಗಿ ಮಾಡಲಾರದು.

ಎಲ್ಲರೂ ಕ್ಷಮಿಸಿದರು ಎಂದು ಇದರ ಅರ್ಥವಲ್ಲ. 1998ರ ಮೇ ತಿಂಗಳಲ್ಲಿ ಚಕ್ರವರ್ತಿ ಅಕಿಹಿತೊ ಲಂಡನ್ನಿಗೆ ಬಂದಾಗ, ಜಪಾನಿ ಸೆರೆಶಿಬಿರಗಳಲ್ಲಿ ನರಳಿದ್ದ ವೃದ್ಧ ಯೋಧರು ಮೆರವಣಿಗೆಯ ಬೀದಿಯಲ್ಲಿ ಅವರತ್ತ ಬೆನ್ನು ತಿರುಗಿಸಿ ನಿಂತರು. 1995ರಲ್ಲಿಯೇ ಪ್ರಧಾನಿ ಮುರಯಾಮ ಆಳವಾದ ಪಶ್ಚಾತ್ತಾಪವನ್ನೂ ಹೃತ್ಪೂರ್ವಕ ಕ್ಷಮೆಯನ್ನೂ ಸಾರ್ವಜನಿಕವಾಗಿ ವ್ಯಕ್ತಪಡಿಸಿದ್ದರೂ ಅವರಿಗೆ ಅದು ಸಾಲಲಿಲ್ಲ. ಇದನ್ನು ಹಟಮಾರಿತನವೆಂದು ತಳ್ಳಿಹಾಕುವಂತಿಲ್ಲ. ಕ್ಷಮೆ ಕೇಳುವುದು ತಪ್ಪು ಮಾಡಿದವರ ಕರ್ತವ್ಯವಾಗಬಹುದು, ಆದರೆ ಕ್ಷಮಿಸುವುದು ನೊಂದವರ ಕರ್ತವ್ಯವಲ್ಲ. ಈ ವ್ಯತ್ಯಾಸವನ್ನು ಮರೆತ ಸಂಧಾನ ನೊಂದವರ ಮೇಲಿನ ಇನ್ನೊಂದು ಬಲಾತ್ಕಾರವಾಗುತ್ತದೆ.

ಸ್ಮಾರಕವಿದ್ದ ಮಾತ್ರಕ್ಕೆ ಪಶ್ಚಾತ್ತಾಪ ಹುಟ್ಟುತ್ತದೆ ಎನ್ನುವಂತೆಯೂ ಇಲ್ಲ. ಟೋಕಿಯೊದ ಯಸುಕುನಿ ದೇಗುಲವೂ ಯುದ್ಧದಲ್ಲಿ ಮಡಿದವರ ಸ್ಮಾರಕವೇ. 1978ರಲ್ಲಿ ಅಲ್ಲಿ 14 ಮಂದಿ ಪ್ರಥಮ ದರ್ಜೆಯ ಯುದ್ಧಾಪರಾಧಿಗಳನ್ನೂ ಸೇರಿಸಿ ಪೂಜಿಸತೊಡಗಿದಂದಿನಿಂದ ಅದು ಚೀನಾ ಮತ್ತು ಕೊರಿಯಾಗಳ ಪಾಲಿಗೆ ಹಳೆಯ ಗಾಯವನ್ನು ಕೆದಕುವ ತಾಣವಾಗಿದೆ. ಇಂಫಾಲದ ದಕ್ಷಿಣಕ್ಕೆ, ಮೈಬಂ ಲೋಕ್ಪಾಚಿಂಗ್‌ನ ಕೆಂಪು ಗುಡ್ಡದ ಬುಡದಲ್ಲಿ, ಜಪಾನ್ ಸರಕಾರ 1994ರಲ್ಲಿ ನಿರ್ಮಿಸಿದ ಶಾಂತಿ ಸ್ಮಾರಕದ ಬಗೆ ಬೇರೆ. ಅದರ ಪಕ್ಕದಲ್ಲಿಯೇ, ಯುದ್ಧದ 75ನೇ ವರ್ಷವಾದ 2019ರ ಜೂನ್ 22ರಂದು, ಜಪಾನಿನ ನಿಪ್ಪಾನ್ ಪ್ರತಿಷ್ಠಾನದ ನೆರವಿನಿಂದ ಇಂಫಾಲ ಶಾಂತಿ ವಸ್ತುಸಂಗ್ರಹಾಲಯ ತೆರೆಯಿತು. ತನ್ನವರನ್ನು ಮಾತ್ರ ಎಣಿಸುವ ಸ್ಮಾರಕ ಹೆಮ್ಮೆಯನ್ನು ಬೆಳೆಸುತ್ತದೆ; ಎದುರಾಳಿಯ ಸಾವನ್ನೂ ಆ ನೆಲದವರ ಸಂಕಟವನ್ನೂ ಲೆಕ್ಕಕ್ಕೆ ಹಿಡಿಯುವ ಸ್ಮಾರಕ ಮಾತ್ರ ವಿವೇಕವನ್ನು ಬೆಳೆಸಬಲ್ಲದು.

ನೆಲದವರ ಈ ಪ್ರಶ್ನೆ ಸಣ್ಣದಲ್ಲ. ಆ ಯುದ್ಧ ನಾಗಾಗಳದೂ ಆಗಿರಲಿಲ್ಲ, ಮಣಿಪುರಿಗಳದೂ ಆಗಿರಲಿಲ್ಲ. ಸುಟ್ಟುಹೋದದ್ದು ಅವರ ಊರು, ತುಳಿತಕ್ಕೆ ಸಿಕ್ಕಿದ್ದು ಅವರ ಗದ್ದೆ. ಕೊಹಿಮಾದಲ್ಲಿ ಹೋರಾಡಿದ್ದ ಬ್ರಿಟಿಷ್ ಯೋಧರು ತಮ್ಮ ಇಳಿವಯಸ್ಸಿನಲ್ಲಿ ನಾಗಾ ಮಕ್ಕಳ ವಿದ್ಯಾಭ್ಯಾಸಕ್ಕಾಗಿ ಒಂದು ಶಿಕ್ಷಣ ನಿಧಿಯನ್ನು ಸ್ಥಾಪಿಸಿದ್ದು ಈ ಋಣವನ್ನು ಅರಿತೇ. ಹಳೆಯ ವೈರಿಗಳಿಬ್ಬರು ಕೈಕುಲುಕಿ ಚಿತ್ರ ತೆಗೆಸಿಕೊಂಡು, ಹೊಲ ಕಳೆದುಕೊಂಡವನನ್ನು ಮರೆತುಬಿಟ್ಟರೆ ಆ ಸಂಧಾನ ಅರ್ಧದಲ್ಲಿಯೇ ಉಳಿಯುತ್ತದೆ.

ನಮ್ಮವರಂತೂ ಎರಡೂ ಪಾಳಯಗಳಲ್ಲಿದ್ದರು. ಮಣಿಪುರದ ಮೊಯಿರಾಂಗ್‌ನಲ್ಲಿ 1944ರ ಏಪ್ರಿಲ್ 14ರಂದು ಧ್ವಜವೇರಿಸಿದ ಆಜಾದ್ ಹಿಂದ್ ಫೌಜಿನ ಯೋಧರು ಜಪಾನೀಯರ ಜೊತೆಗಿದ್ದರೆ, ಬ್ರಿಟಿಷ್ ಭಾರತೀಯ ಸೇನೆಯ ಜವಾನರು ಅವರ ಎದುರಿಗಿದ್ದರು. ಈ ಬಿರುಕು ಕನ್ನಡ ನಾಡಿನ ಮನೆಗಳನ್ನೂ ಮುಟ್ಟಿತ್ತು. ಮುಂದೆ ಭೂಸೇನೆಯ ಮುಖ್ಯಸ್ಥರಾದ ಕೊಡಗಿನ ಕೆ.ಎಸ್. ತಿಮ್ಮಯ್ಯ ಬರ್ಮಾದ ಅರಾಕಾನ್‌ನಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. ಅವರ ಅಣ್ಣ ಪೊನ್ನಪ್ಪ ಸುಭಾಷರ ಫೌಜನ್ನು ಸೇರಿದ್ದರು. ಒಂದೇ ತಾಯಿಯ ಮಕ್ಕಳು ಎರಡು ನಿಷ್ಠೆಗಳಿಗೆ ಬದ್ಧರಾಗಬಹುದು, ಇಬ್ಬರೂ ದೇಶದ ಒಳಿತನ್ನೇ ಬಯಸಿರಬಹುದು ಎಂದು ಒಪ್ಪಿಕೊಳ್ಳುವ ದೊಡ್ಡತನವನ್ನು ಸ್ವತಂತ್ರ ಭಾರತ ಕ್ರಮೇಣ ಬೆಳೆಸಿಕೊಂಡಿತು. ಇಂದು ಮೊಯಿರಾಂಗ್‌ನ ಸ್ಮಾರಕಕ್ಕೂ ಇಂಫಾಲದ ಯುದ್ಧ ಸ್ಮಶಾನಕ್ಕೂ ನಾವು ಒಂದೇ ಗೌರವದಿಂದ ಹೂವಿಡಬಲ್ಲೆವು.

ಇಷ್ಟೆಲ್ಲ ಪಾಠಗಳನ್ನು ಒಡಲಲ್ಲಿಟ್ಟುಕೊಂಡ ನೆಲದ ಇಂದಿನ ಸ್ಥಿತಿಯೇನು? ಶಾಂತಿ ವಸ್ತುಸಂಗ್ರಹಾಲಯದ ಮುಂದಿನ ಹೆದ್ದಾರಿ ದಕ್ಷಿಣಕ್ಕೆ ಚುರಾಚಾಂದ್‌ಪುರದತ್ತ ಸಾಗುತ್ತದೆ. 2023ರ ಮೇ 3ರಂದು ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ಹಿಂಸೆ ಭುಗಿಲೆದ್ದ ಬಳಿಕ, ಬೆಟ್ಟ ಮತ್ತು ಕಣಿವೆಗಳ ನಡುವೆ ಭದ್ರತಾ ಪಡೆಗಳ ಕಾವಲು ವಲಯ ತಲೆಯೆತ್ತಿತು. 250ಕ್ಕೂ ಹೆಚ್ಚು ಜನ ಸತ್ತರು, ಸುಮಾರು 60,000 ಮಂದಿ ಮನೆ ತೊರೆದರು. ಸತ್ತವರಲ್ಲಿ ಅನೇಕರ ದೇಹಗಳು ತಿಂಗಳುಗಟ್ಟಲೆ ಶವಾಗಾರದಲ್ಲಿಯೇ ಉಳಿದವು. ಚುರಾಚಾಂದ್‌ಪುರದಲ್ಲಿ ಕುಕಿ-ಜೋ ಜನ ತಮ್ಮ ಮೃತರಿಗಾಗಿ ನೆನಪಿನ ಗೋಡೆಯೊಂದನ್ನು ಕಟ್ಟಿಕೊಂಡರು. ಕಣಿವೆಯ ಮೈತೇಯಿಗಳು ತಮ್ಮವರಿಗಾಗಿ ಬೇರೆಯಾಗಿ ಅತ್ತರು. ಸಾವಿರಾರು ಮೈಲಿ ದೂರದಿಂದ ಬಂದ ವೈರಿಗಳು ಒಟ್ಟಾಗಿ ತಲೆಬಾಗಿದ ನೆಲದಲ್ಲಿ ನೆರೆಹೊರೆಯವರು ಒಟ್ಟಾಗಿ ಶೋಕಿಸಲಾರದೆ ಹೋದರು.

ಇದರಲ್ಲಿ ಒಂದು ಕಟುಸತ್ಯವಿದೆ. ಬ್ರಿಟಿಷರೂ ಜಪಾನೀಯರೂ ಯುದ್ಧ ಮುಗಿಸಿ ತಂತಮ್ಮ ಮನೆಗೆ ಮರಳಿದರು. ಮರುದಿನ ಒಂದೇ ಸಂತೆಗೆ ಹೋಗಬೇಕಾದ, ಒಂದೇ ಹೊಳೆಯ ನೀರನ್ನು ಹಂಚಿಕೊಳ್ಳಬೇಕಾದ ಅನಿವಾರ್ಯ ಅವರಿಗಿರಲಿಲ್ಲ. ಹಗೆ ತಣಿಯಲು ಬೇಕಾದ ದೂರವನ್ನು ಭೂಗೋಳವೇ ಒದಗಿಸಿತು. ನೆರೆಯವರಿಗೆ ಆ ಸವಲತ್ತಿಲ್ಲ. ಕಾವಲು ವಲಯ ಅವರ ನಡುವೆ ಅಂತರವನ್ನೇನೋ ತಂದಿತು. ಆದರೆ ಅದು ಹಗೆಯನ್ನು ತಣಿಸುವ ಅಂತರವಲ್ಲ, ಕಾಪಿಡುವ ಅಂತರ. ಎದುರು ಬದಿಯವನ ಮುಖ ಕಾಣದೆ ಬೆಳೆಯುವ ಮಕ್ಕಳು ಅವನನ್ನು ಮನುಷ್ಯನೆಂದು ಬಗೆಯುವುದಾದರೂ ಹೇಗೆ?

2024ರ ಕೊನೆಯ ದಿನ ಅಂದಿನ ಮುಖ್ಯಮಂತ್ರಿ ಎನ್. ಬಿರೇನ್ ಸಿಂಗ್ ನಡೆದದ್ದಕ್ಕೆ ಜನರ ಕ್ಷಮೆ ಕೋರಿದರು. ಅಧಿಕಾರದಲ್ಲಿರುವವರ ಬಾಯಲ್ಲಿ ನಮ್ಮ ದೇಶದಲ್ಲಿ ಅಪರೂಪವಾದ ಮಾತು ಅದು. ಆದರೆ ಯಾವ ತಪ್ಪಿಗೆ, ಯಾರ ತಪ್ಪಿಗೆ ಎಂಬುದು ಸ್ಪಷ್ಟವಾಗದ ಕ್ಷಮಾಯಾಚನೆ ಗಾಯದ ಮೇಲಿನ ಬಟ್ಟೆಯಾಗುತ್ತದೆಯೇ ಹೊರತು ಮದ್ದಾಗುವುದಿಲ್ಲ. ಆರು ವಾರಗಳೊಳಗೇ ಅವರು ಹುದ್ದೆ ತೊರೆಯಬೇಕಾಯಿತು.

ಪಶ್ಚಾತ್ತಾಪಕ್ಕೆ ಮುನ್ನ ಸತ್ಯದ ದಾಖಲೆಯಾಗಬೇಕು. ಎರಡೂ ಕಡೆಯ ಮೃತರ ಹೆಸರು ಒಂದೇ ಪಟ್ಟಿಯಲ್ಲಿ ಬರಬೇಕು, ಕೊಂದವರು ಯಾವ ಸಮುದಾಯದವರಾದರೂ ನ್ಯಾಯಾಲಯದ ಮುಂದೆ ನಿಲ್ಲಬೇಕು, ಮನೆ ತೊರೆದವರು ನಿರ್ಭಯವಾಗಿ ಮರಳಬೇಕು. ಇವು ಸರಕಾರದ ಹೊಣೆ. ಇದರಾಚೆಗೆ ಸಮಾಜ ಮಾಡಬೇಕಾದ ಕೆಲಸವಿದೆ. ಪರಸ್ಪರ ರಕ್ತ ಹರಿಸಿದ್ದ ನಾಗಾ ಬಣಗಳನ್ನು ಒಂದೆಡೆ ಕೂರಿಸಲು 2008ರಲ್ಲಿ ಹುಟ್ಟಿದ ನಾಗಾ ಸಂಧಾನ ವೇದಿಕೆಯಲ್ಲಿ ಚರ್ಚಿನವರೂ ಜನಸಂಘಟನೆಗಳವರೂ ಕೂಡಿ ದುಡಿದರು. ಅಂಥ ದಾರಿ ಈ ಭಾಗಕ್ಕೆ ಹೊಸದೇನಲ್ಲ.

ಕೊಹಿಮಾದ ಯೋಧರು ಒಬ್ಬರನ್ನೊಬ್ಬರು ಹುಡುಕಿಕೊಂಡು ಬರುವ ಹೊತ್ತಿಗೆ ಅವರ ತಲೆ ನರೆತಿತ್ತು. ಮಾತಾಡಬೇಕಾಗಿದ್ದ ಎಷ್ಟೋ ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು. ಮಣಿಪುರದ ಬೆಟ್ಟ ಮತ್ತು ಕಣಿವೆಗಳು ಅಷ್ಟು ದೀರ್ಘಕಾಲ ಕಾಯುವಂತಿಲ್ಲ. ಶಿಬಿರದಲ್ಲಿ ಬೆಳೆದ ಮಗುವಿಗೆ ಅರ್ಧ ಶತಮಾನದ ನಂತರ ಸಿಗುವ ಸಂಧಾನದಿಂದ ಅದರ ಬಾಲ್ಯ ಮರಳುವುದಿಲ್ಲ.